ಜೀನ್ ಕಳೆದುಕೊಂಡ ಕ್ಯಾನ್ಸರ್ ಕೋಶ ಮತ್ತು ರೋಗನಿರೋಧಕ ಸಂಕೇತಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಗಡ್ಡೆಯ ಜೀನ್ ಪರೀಕ್ಷೆಯ ವರದಿಯಲ್ಲಿ 'ಲಾಸ್' ಅಥವಾ 'ಡಿಲೀಷನ್' ಎಂದು ಬರೆದಿರುವುದನ್ನು ಕಂಡವರು ಮೊದಲು ಕೇಳುವುದು, ಇದು ಒಳ್ಳೆಯದೋ ಕೆಟ್ಟದ್ದೋ ಎಂದು. ಇದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. ಒಂದು ಜೀನ್ ಹೋದರೆ ಗಡ್ಡೆ ರಕ್ಷಣಾ ಕೋಶಗಳ ಕಣ್ಣಿಗೇ ಬೀಳುವುದಿಲ್ಲ. ಇನ್ನೊಂದು ಹೋದರೆ ಅದೇ ಗಡ್ಡೆ ತನ್ನ ಗುಟ್ಟನ್ನು ತಾನೇ ಕೂಗಿ ಹೇಳಿಕೊಳ್ಳುತ್ತದೆ. ಹೋದ ಜೀನ್ ಯಾವ ಸಂದೇಶದ ದಾರಿಯಲ್ಲಿ ಕೂತಿತ್ತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೆಳಗಿನ ಪ್ರಶ್ನೆಗಳನ್ನು ಆ ದಾರಿಗಳ ಜಾಡು ಹಿಡಿದೇ ಜೋಡಿಸಿದ್ದೇನೆ.

ಜೀನ್ 'ಕಳೆದುಹೋಯಿತು' ಅಂದರೆ ನಿಜಕ್ಕೂ ಏನಾಗಿರುತ್ತದೆ?

ಮನುಷ್ಯನ ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು, ಅಂದರೆ ವಂಶವಾಹಿಗಳು, ಸುಮಾರು 20,000 ಇವೆ. ಹೆಚ್ಚಿನವಕ್ಕೆ ಎರಡೆರಡು ಪ್ರತಿ: ತಾಯಿಯಿಂದ ಒಂದು, ತಂದೆಯಿಂದ ಒಂದು. ಕ್ಯಾನ್ಸರ್ ಕೋಶ ತಪ್ಪು ತಿದ್ದಿಕೊಳ್ಳುವ ವ್ಯವಧಾನವಿಲ್ಲದೆ ಒಡೆದೊಡೆದು ಎರಡಾಗುತ್ತಾ ಹೋಗುವಾಗ ಈ ಪ್ರತಿಗಳು ಹಲವು ಬಗೆಯಲ್ಲಿ ಕೈತಪ್ಪುತ್ತವೆ. ವರ್ಣತಂತುವಿನ ಒಂದು ತುಂಡೇ ಕಳಚಿ ಹೋಗಬಹುದು. ತುಂಡು ಉಳಿದಿದ್ದರೂ ಅದರೊಳಗೆ ಒಂದೆರಡು ಅಕ್ಷರ ಬಿಟ್ಟುಹೋಗಿ, ಅಲ್ಲಿಂದ ಮುಂದಿನ ಓದೆಲ್ಲ ಅಸಂಬದ್ಧವಾಗಿ, ಪ್ರೋಟೀನ್ ಅರ್ಧಕ್ಕೇ ನಿಂತುಬಿಡಬಹುದು. ಇನ್ನು ಕೆಲವು ಸಲ ಅಕ್ಷರಗಳೆಲ್ಲ ಸರಿಯಾಗಿಯೇ ಇರುತ್ತವೆ; ಡಿಎನ್‌ಎ ಮೇಲೆ ಮೀಥೈಲ್ ಗುಂಪುಗಳು ಅಂಟಿಕೊಂಡು ಜೀನ್ ಬಾಯಿ ಮುಚ್ಚಿ ಕೂತಿರುತ್ತದೆ. ಮೊದಲ ಎರಡರಲ್ಲಿ ಜೀನ್ ನಿಜಕ್ಕೂ ಹಾಳಾಗಿದೆ. ಮೂರನೆಯದರಲ್ಲಿ ಅದು ನಿದ್ದೆಯಲ್ಲಿದೆ, ಎಬ್ಬಿಸಲು ಸಾಧ್ಯ. ಈ ವ್ಯತ್ಯಾಸ ಮುಂದೆ ಚಿಕಿತ್ಸೆಯ ಮಾತು ಬಂದಾಗ ಬಹಳ ಮುಖ್ಯವಾಗುತ್ತದೆ.

ಒಂದು ಪ್ರತಿ ಹೋದರೆ ಸಾಮಾನ್ಯವಾಗಿ ಇನ್ನೊಂದು ಹೇಗೋ ನಿಭಾಯಿಸುತ್ತದೆ. ಎರಡೂ ಹೋದಾಗಲೇ ಪೂರ್ತಿ ಪರಿಣಾಮ ಕಾಣುವುದು. ಮಕ್ಕಳ ಕಣ್ಣಿನ ಕ್ಯಾನ್ಸರ್ ಆದ ರೆಟಿನೊಬ್ಲಾಸ್ಟೋಮಾವನ್ನು ಅಭ್ಯಸಿಸಿ ಆಲ್ಫ್ರೆಡ್ ನುಡ್‌ಸನ್ 1971ರಲ್ಲಿ ಮಂಡಿಸಿದ 'ಎರಡು ಪೆಟ್ಟು' ವಾದ ಇದೇ. ಆತ ಗಡ್ಡೆ ಬೆಳೆಯುವ ಬಗೆಯನ್ನು ವಿವರಿಸಲು ಹೇಳಿದ್ದು, ರಕ್ಷಣಾ ವ್ಯವಸ್ಥೆಯಿಂದ ಗಡ್ಡೆ ತಪ್ಪಿಸಿಕೊಳ್ಳುವ ಕತೆಗೂ ಹಾಗೆಯೇ ಹೊಂದುತ್ತದೆ.

ಇದು ಹುಟ್ಟಿನಿಂದ ಬಂದದ್ದೇ? ಮಕ್ಕಳಿಗೂ ಬರುತ್ತದೆಯೇ?

ಬಹುಪಾಲು ಇಲ್ಲ. ಈ ಪುಟದಲ್ಲಿ ಬರುವ ನಷ್ಟಗಳಲ್ಲಿ ಹೆಚ್ಚಿನವು ಗಡ್ಡೆಯೊಳಗೆ ಮಾತ್ರ ಆಗುವಂಥವು. ರಕ್ತದಲ್ಲಾಗಲಿ ಅಂಡ, ವೀರ್ಯಗಳಲ್ಲಾಗಲಿ ಇರುವುದಿಲ್ಲ. ಕೆಲವು ಅಪವಾದಗಳಿವೆ. ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಜೀನ್‌ಗಳ ದೋಷ ಲಿಂಚ್ ಸಿಂಡ್ರೋಮ್ ಆಗಿ, ಅಂದರೆ ದೊಡ್ಡ ಕರುಳಿನಂಥ ಕ್ಯಾನ್ಸರ್‌ಗಳ ಅಪಾಯ ಹೆಚ್ಚಿಸುವ ಸ್ಥಿತಿಯಾಗಿ, ಕುಟುಂಬದಲ್ಲಿ ಹರಿಯಬಹುದು. ಎಸ್‌ಟಿಕೆ11 ದೋಷ ಪ್ಯೂಟ್ಸ್-ಯೇಗರ್ಸ್ ಸಿಂಡ್ರೋಮ್‌ನಲ್ಲಿ, ಪಿಟೆನ್ ದೋಷ ಕೌಡೆನ್ ಸಿಂಡ್ರೋಮ್‌ನಲ್ಲಿ ಕಾಣುತ್ತದೆ. ವರದಿಯಲ್ಲಿ ಈ ಹೆಸರುಗಳಿದ್ದರೆ ಅನುವಂಶೀಯತೆಯ ಬಗ್ಗೆ ವೈದ್ಯರನ್ನು ಬೇರೆಯಾಗಿಯೇ ಕೇಳಿ.

ಕ್ಯಾನ್ಸರ್ ಕೋಶಕ್ಕೂ ರಕ್ಷಣಾ ಕೋಶಕ್ಕೂ ನಡುವೆ ಅಂಥದ್ದೇನು ಮಾತುಕತೆ?

ನಾಲ್ಕು ಬಗೆಯ ಮಾತು ಅಂತ ಇಟ್ಟುಕೊಳ್ಳಿ. ಪಠ್ಯಪುಸ್ತಕಗಳು ಬೇರೆ ರೀತಿ ವಿಂಗಡಿಸುತ್ತವೆ, ನನಗೆ ಇದು ಅನುಕೂಲ.

ಮೊದಲನೆಯದು ತೋರಿಸುವುದು. ಪ್ರತಿ ಕೋಶವೂ ತನ್ನೊಳಗಿನ ಪ್ರೋಟೀನ್‌ಗಳನ್ನು ಚೂರು ಮಾಡಿ, ಸಾಮಾನ್ಯವಾಗಿ 8ರಿಂದ 10 ಅಮೈನೋ ಆಮ್ಲಗಳ ತುಣುಕುಗಳನ್ನು ಎಂಎಚ್‌ಸಿ ಮೊದಲ ವರ್ಗದ ಅಣುಗಳ ಮೇಲಿಟ್ಟು ಹೊರಮೈಯಲ್ಲಿ ಪ್ರದರ್ಶಿಸುತ್ತದೆ. ಸಿಡಿ8 ಟಿ ಕೋಶಗಳೆಂಬ ರಕ್ಷಣಾ ಕೋಶಗಳು ಇದನ್ನು ತಡವಿ ನೋಡಿ, ಅಪರಿಚಿತ ತುಣುಕು ಸಿಕ್ಕರೆ ಕೊಲ್ಲುತ್ತವೆ. ಎರಡನೆಯದು ಕೂಗುವುದು: ಒಳಗೆ ಏನೋ ಎಡವಟ್ಟಾಗಿದೆ ಎಂದು ಇಂಟರ್ಫೆರಾನ್‌ನಂಥ ರಾಸಾಯನಿಕಗಳ ಮೂಲಕ ಅಕ್ಕಪಕ್ಕಕ್ಕೆ ತಿಳಿಸುವುದು. ಮೂರನೆಯದು ಕೇಳಿಸಿಕೊಳ್ಳುವುದು, ಅಂದರೆ ಟಿ ಕೋಶ ಸುರಿಸುವ ಇಂಟರ್ಫೆರಾನ್ ಗಾಮಾಗೆ ಸ್ಪಂದಿಸುವುದು. ನಾಲ್ಕನೆಯದು ತಡೆಯುವುದು: ಪಿಡಿ-ಎಲ್1 ಎಂಬ ಪ್ರೋಟೀನನ್ನು ಮುಂದೊಡ್ಡಿ ಟಿ ಕೋಶಕ್ಕೆ 'ಸಾಕು, ನಿಲ್ಲು' ಎನ್ನುವುದು.

ಈ ನಾಲ್ಕರಲ್ಲಿ ಯಾವುದಕ್ಕೆ ಬೇಕಾದ ಜೀನ್ ಹೋದರೂ ಮಾತುಕತೆ ಕೆಡುತ್ತದೆ. ಆದರೆ ಕೆಡುವ ರೀತಿ ಬೇರೆ ಬೇರೆ.

ಬಿ2ಎಂ ನಷ್ಟದ ಬಗ್ಗೆ ಇಷ್ಟೊಂದು ಕಳವಳ ಯಾಕೆ?

ಎಂಎಚ್‌ಸಿ ಅಣುವಿನ ದೊಡ್ಡ ಸರಪಳಿಗಳನ್ನು ತಯಾರಿಸುವ ಎಚ್‌ಎಲ್‌ಎ ಜೀನ್‌ಗಳು 6ನೇ ವರ್ಣತಂತುವಿನಲ್ಲಿವೆ. ಒಬ್ಬ ವ್ಯಕ್ತಿಯಲ್ಲಿ ಎಚ್‌ಎಲ್‌ಎ-ಎ, ಬಿ, ಸಿ ಎಂದು ಎರಡೆರಡು ಪ್ರತಿ ಸೇರಿ ಆರರವರೆಗೆ ಬೇರೆ ಬೇರೆ ರೂಪಗಳಿರಬಹುದು. ಗಡ್ಡೆ ಒಂದೆರಡನ್ನು ಕಳೆದುಕೊಂಡರೂ ಉಳಿದವು ಪ್ರದರ್ಶನ ಮುಂದುವರಿಸುತ್ತವೆ. ಆದರೆ ಈ ಆರಕ್ಕೂ ಊರುಗೋಲು ಒಂದೇ: 15ನೇ ವರ್ಣತಂತುವಿನ ಬಿ2ಎಂ ಜೀನ್ ಕೊಡುವ ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಎಂಬ ಪುಟ್ಟ ಪ್ರೋಟೀನ್. ಅದಿಲ್ಲದೆ ಯಾವ ಸರಪಳಿಯೂ ಸರಿಯಾಗಿ ಮಡಚಿಕೊಂಡು ಹೊರಮೈಗೆ ಬಂದು ನಿಲ್ಲುವುದಿಲ್ಲ. ಆರು ದೀಪಕ್ಕೆ ಒಂದೇ ಸ್ವಿಚ್ ಇದ್ದ ಹಾಗೆ.

ಬಿ2ಎಂನ ಎರಡೂ ಪ್ರತಿ ಕೆಟ್ಟ ಕೋಶದೊಳಗೆ ಎಷ್ಟೇ ವಿಚಿತ್ರ ಪ್ರೋಟೀನ್‌ಗಳಿರಲಿ, ಸಿಡಿ8 ಟಿ ಕೋಶಕ್ಕೆ ಅಲ್ಲಿ ಏನೂ ಕಾಣುವುದಿಲ್ಲ. ಪ್ರಯೋಗಾಲಯಗಳಿಗೆ ಇದು ಹೊಸದಲ್ಲ; ಬರ್ಕಿಟ್ ಲಿಂಫೋಮಾ ಎಂಬ ದುಗ್ಧಕೋಶಗಳ ಕ್ಯಾನ್ಸರ್‌ನಿಂದ ಬೆಳೆಸಿದ ಡೌಡಿ ಎಂಬ ಕೋಶಸಾಲು ಬಿ2ಎಂ ಇಲ್ಲದ ಕಾರಣಕ್ಕೇ ದಶಕಗಳಿಂದ ಹೆಸರುವಾಸಿ. ಇಮ್ಯುನೊಥೆರಪಿ, ಅಂದರೆ ರಕ್ಷಣಾ ಕೋಶಗಳನ್ನೇ ಗಡ್ಡೆಯ ಮೇಲೆ ಛೂ ಬಿಡುವ ಚಿಕಿತ್ಸೆ, ಬಂದ ಮೇಲೆ ಅದು ರೋಗಿಯ ಹಾಸಿಗೆಯ ಪಕ್ಕದ ಪ್ರಶ್ನೆಯಾಯಿತು, ಅಷ್ಟೆ.

ಪ್ರದರ್ಶನದ ಸಾಲಿನಲ್ಲಿ ಇನ್ನೂ ಕೆಲವು ಹೆಸರು ಬರುತ್ತವೆ. ಟ್ಯಾಪ್1, ಟ್ಯಾಪ್2 ತುಣುಕುಗಳನ್ನು ಕೋಶದೊಳಗಿನ ಸಾಗಣೆ ದಾರಿಗೆ ದಾಟಿಸುತ್ತವೆ. ಎನ್‌ಎಲ್‌ಆರ್‌ಸಿ5 ಈ ಇಡೀ ಗುಂಪಿನ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಇವು ಹೋದರೂ ಪ್ರದರ್ಶನ ಮಂಕಾಗುತ್ತದೆ.

ಹಾಗಾದರೆ ಎಲ್ಲ ಗಡ್ಡೆಗಳೂ ಬಿ2ಎಂ ಬಿಸಾಕಿ ಪಾರಾಗಬಹುದಲ್ಲ?

ಪ್ರಕೃತಿ ಅಷ್ಟು ಸುಲಭಕ್ಕೆ ಬಿಟ್ಟಿಲ್ಲ. ಎಂಎಚ್‌ಸಿ ಇಲ್ಲದ ಕೋಶವನ್ನೇ ಹುಡುಕಿ ಕೊಲ್ಲುವ ಇನ್ನೊಂದು ಪಡೆ ನಮ್ಮಲ್ಲಿದೆ: ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶಗಳು. 'ತನ್ನದು ಎಂಬ ಗುರುತು ಕಾಣೆಯಾಗಿದೆ' ಎನ್ನುವುದೇ ಅವಕ್ಕೆ ದಾಳಿಯ ಸೂಚನೆ. ಸ್ವೀಡನ್ನಿನ ಕ್ಲಾಸ್ ಕಾರ್ರೆ ಮತ್ತು ಸಂಗಡಿಗರು 1986ರಲ್ಲಿ ಎಂಎಚ್‌ಸಿ ಕಳೆದುಕೊಂಡ ಲಿಂಫೋಮಾ ಕೋಶಗಳನ್ನು ಇಲಿಗಳು ಹೊರದಬ್ಬುವುದನ್ನು ತೋರಿಸಿ ಈ ತತ್ವಕ್ಕೆ ಗಟ್ಟಿ ಪುರಾವೆ ಒದಗಿಸಿದರು. ಗಡ್ಡೆಯ ಪಾಲಿಗೆ ಇದು ಅತ್ತ ದರಿ, ಇತ್ತ ಪುಲಿ. ಗುರುತು ಇಟ್ಟುಕೊಂಡರೆ ಟಿ ಕೋಶ ಹಿಡಿಯುತ್ತದೆ, ಬಿಸಾಕಿದರೆ ಎನ್‌ಕೆ ಕೋಶ.

ಆದರೂ ನಡುದಾರಿ ಇದೆ, ಮತ್ತು ಗಡ್ಡೆಗಳು ಅದನ್ನು ಕಂಡುಕೊಂಡಿವೆ. ಆರು ಎಚ್‌ಎಲ್‌ಎ ರೂಪಗಳಲ್ಲಿ ತಂದೆಯ ಕಡೆಯದನ್ನೋ ತಾಯಿಯ ಕಡೆಯದನ್ನೋ ಮಾತ್ರ ಕಳೆದುಕೊಳ್ಳುವುದು. ತನ್ನನ್ನು ಹಿಡಿದುಕೊಡುವ ತುಣುಕು ಯಾವ ರೂಪದ ಮೇಲೆ ಕೂರುತ್ತದೋ ಅದು ಹೋದರೆ ಸಾಕು. ಉಳಿದವು ಎನ್‌ಕೆ ಕೋಶವನ್ನು ಸಮಾಧಾನಪಡಿಸಲು ಅಲ್ಲೇ ಇರುತ್ತವೆ. ಶ್ವಾಸಕೋಶದ ಕ್ಯಾನ್ಸರನ್ನು ಹಂತಹಂತವಾಗಿ ಹಿಂಬಾಲಿಸುವ ಬ್ರಿಟನ್ನಿನ ಟ್ರೇಸರ್‌ಎಕ್ಸ್ ಅಧ್ಯಯನದ ತಂಡ 2017ರಲ್ಲಿ ಇದನ್ನು ಲೆಕ್ಕಹಾಕಿತು. ಸಣ್ಣಕೋಶವಲ್ಲದ ಶ್ವಾಸಕೋಶ ಕ್ಯಾನ್ಸರ್‌ಗಳಲ್ಲಿ ಸುಮಾರು 40 ಪ್ರತಿಶತದಲ್ಲಿ ಈ ಬಗೆಯ ಎಚ್‌ಎಲ್‌ಎ ನಷ್ಟ ಕಂಡಿತು. ಇಷ್ಟು ಸಾಮಾನ್ಯವಾದದ್ದು ಸುಮ್ಮನೆ ಆದ ಅಪಘಾತ ಇರಲಾರದು. ಟಿ ಕೋಶಗಳ ಒತ್ತಡದಲ್ಲಿ ಆಯ್ಕೆಯಾಗಿ ಉಳಿದ ಕೋಶಗಳು ಇವು.

ಜಾಕ್1, ಜಾಕ್2 ಹೋದರೆ ಏನಾಗುತ್ತದೆ?

ಗಡ್ಡೆ ಕಿವುಡಾಗುತ್ತದೆ. ಟಿ ಕೋಶ ತನ್ನ ಗುರಿಯನ್ನು ಹಿಡಿದ ಕೂಡಲೇ ಇಂಟರ್ಫೆರಾನ್ ಗಾಮಾ ಸುರಿಸುತ್ತದೆ. ಅದು ಕ್ಯಾನ್ಸರ್ ಕೋಶದ ಮೇಲಿನ ಐಎಫ್‌ಎನ್‌ಜಿಆರ್1 ಮತ್ತು 2 ಎಂಬ ಗ್ರಾಹಕಗಳಿಗೆ ಅಂಟುತ್ತದೆ. ಗ್ರಾಹಕದ ಒಳತುದಿಯಲ್ಲಿ ಕೂತ ಜಾಕ್1, ಜಾಕ್2 ಕಿಣ್ವಗಳು ಸ್ಟಾಟ್1ಗೆ ಫಾಸ್ಫೇಟ್ ಸಿಕ್ಕಿಸುತ್ತವೆ. ಸ್ಟಾಟ್1 ಕೋಶಕೇಂದ್ರಕ್ಕೆ ಹೋಗಿ ಐಆರ್‌ಎಫ್1 ಮೊದಲಾದ ಜೀನ್‌ಗಳನ್ನು ಎಬ್ಬಿಸುತ್ತದೆ. ಆಗ ಎಂಎಚ್‌ಸಿ ಪ್ರದರ್ಶನ ಹೆಚ್ಚುತ್ತದೆ. ಸಿಎಕ್ಸ್‌ಸಿಎಲ್9, ಸಿಎಕ್ಸ್‌ಸಿಎಲ್10 ಎಂಬ ಕೀಮೋಕೈನ್‌ಗಳು ಹೊರಟು ಇನ್ನಷ್ಟು ಟಿ ಕೋಶಗಳನ್ನು ಕರೆತರುತ್ತವೆ. ಕೋಶದ ಬೆಳವಣಿಗೆ ಕುಂಠಿತವಾಗುತ್ತದೆ. ಜೊತೆಗೆ ಪಿಡಿ-ಎಲ್1 ಕೂಡ ಏರುತ್ತದೆ. ಅಂದರೆ ಒಂದೇ ಸಂದೇಶಕ್ಕೆ ಕೋಶ ಬಾಗಿಲನ್ನೂ ತೆರೆಯುತ್ತದೆ, ಗುರಾಣಿಯನ್ನೂ ಹಿಡಿಯುತ್ತದೆ. ಇಡೀ ವಿಷಯದ ಗೋಜಲು ಹುಟ್ಟುವುದು ಇಲ್ಲಿಂದಲೇ.

ಪಿಡಿ-ಎಲ್1 ಬಂದು ಅಂಟುವ, ಟಿ ಕೋಶದ ಮೇಲಿನ ಗ್ರಾಹಕವೇ ಪಿಡಿ-1. ಅದನ್ನು ತಡೆಯುವ ಔಷಧಗಳು ಆ ಗುರಾಣಿಯನ್ನು ನಿಷ್ಫಲಗೊಳಿಸುತ್ತವೆ. ಆದರೆ ಜಾಕ್ ಇಲ್ಲದ ಕೋಶ ಗುರಾಣಿಯನ್ನೇ ಹಿಡಿದಿರುವುದಿಲ್ಲ, ಬಾಗಿಲನ್ನೂ ತೆರೆದಿರುವುದಿಲ್ಲ. ಔಷಧಕ್ಕೆ ಅಲ್ಲಿ ಮಾಡಲು ಕೆಲಸ ಉಳಿದಿರುವುದಿಲ್ಲ.

2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಪೆಂಬ್ರೊಲಿಜುಮಾಬ್ ಎಂಬ ಪಿಡಿ-1 ತಡೆ ಔಷಧ ಪಡೆದು ಮೊದಲು ಗಡ್ಡೆ ಕರಗಿ, ಬಹಳ ಕಾಲದ ನಂತರ ಮರಳಿದ ನಾಲ್ವರು ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ರೋಗಿಗಳ ಮೊದಲ ಮತ್ತು ನಂತರದ ಬಯಾಪ್ಸಿಗಳನ್ನು ಹೋಲಿಸಿದರು. ಮರಳಿದ ಗಡ್ಡೆಗಳಲ್ಲಿ ಒಂದರಲ್ಲಿ ಜಾಕ್1, ಇನ್ನೊಂದರಲ್ಲಿ ಜಾಕ್2 ಕೆಟ್ಟಿತ್ತು, ಉಳಿದ ಒಳ್ಳೆಯ ಪ್ರತಿಯೂ ಹೋಗಿತ್ತು. ಮೂರನೆಯದರಲ್ಲಿ ಬಿ2ಎಂ ಮುರಿದಿತ್ತು. ನುಡ್‌ಸನ್‌ನ ಎರಡು ಪೆಟ್ಟು ಇಲ್ಲಿ ಚಿಕಿತ್ಸೆಯ ನಡುವೆಯೇ ಬಿದ್ದಿತ್ತು. ಅದೇ ವರ್ಷ ಇನ್ನೊಂದು ತಂಡ, ಇಪಿಲಿಮುಮಾಬ್ ಎಂಬ ಇನ್ನೊಂದು ಇಮ್ಯುನೊಥೆರಪಿ ಔಷಧಕ್ಕೆ ಬಗ್ಗದ ಮೆಲನೋಮಾಗಳಲ್ಲಿ ಇಂಟರ್ಫೆರಾನ್ ಗಾಮಾ ದಾರಿಯ ಜೀನ್‌ಗಳ ನಷ್ಟ ಹೆಚ್ಚಾಗಿರುವುದನ್ನು ತೋರಿಸಿತು.

ಜಾಕ್ ಕಳೆದುಕೊಂಡ ಕೋಶ ಯಾವಾಗಲೂ ಗೆಲ್ಲುತ್ತದೆಯೇ?

ಇಲ್ಲ, ಮತ್ತು ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಸ್ವಾರಸ್ಯಕರ ಭಾಗ ಇದು. ಇಡೀ ಗಡ್ಡೆಯಲ್ಲಿ ಕೆಲವೇ ಕೋಶಗಳು ಕಿವುಡಾಗಿದ್ದರೆ ಆಟದ ಲೆಕ್ಕ ಬದಲಾಗುತ್ತದೆ. ಅಕ್ಕಪಕ್ಕದ ಮಾಮೂಲಿ ಕೋಶಗಳು ಇಂಟರ್ಫೆರಾನ್‌ಗೆ ಸ್ಪಂದಿಸಿ ಪಿಡಿ-ಎಲ್1 ಹೊದ್ದುಕೊಳ್ಳುತ್ತವೆ. ಕಿವುಡು ಕೋಶಕ್ಕೆ ಆ ಹೊದಿಕೆ ಇಲ್ಲ. ಇಲಿಗಳಲ್ಲಿ ಎರಡೂ ಬಗೆಯ ಕೋಶಗಳನ್ನು ಬೆರೆಸಿ ಬೆಳೆಸಿದ ಪ್ರಯೋಗದಲ್ಲಿ ಟಿ ಕೋಶಗಳು ಇಂಥ ಹೊದಿಕೆಯಿಲ್ಲದ ಕೋಶಗಳನ್ನೇ ಮೊದಲು ಮುಗಿಸಿದವು. ಪಿಡಿ-ಎಲ್1 ತಡೆದಾಗ ಆ ಅನುಕೂಲ ತಿರುಗುಮುರುಗಾಯಿತು. ಒಂದೇ ನಷ್ಟ, ಚಿಕಿತ್ಸೆಗೆ ಮುಂಚೆ ಹೊರೆ, ಚಿಕಿತ್ಸೆಯ ನಂತರ ವರ.

ಇಂಟರ್ಫೆರಾನ್ ಸಂಕೇತ ತಿಂಗಳುಗಟ್ಟಲೆ ನಿಲ್ಲದೆ ಹರಿದರೆ ಅದೂ ಗಡ್ಡೆಯನ್ನೇ ಮೊಂಡಾಗಿಸುತ್ತದೆ. ಹಲವು ತಡೆ ಪ್ರೋಟೀನ್‌ಗಳು ಒಟ್ಟಿಗೇ ಏರುತ್ತವೆ. ಹಾಗಾಗಿ 'ಇಂಟರ್ಫೆರಾನ್ ಒಳ್ಳೆಯದು, ಅದರ ದಾರಿ ಹೋದರೆ ಕೆಟ್ಟದ್ದು' ಎಂಬ ಸರಳ ಸೂತ್ರವನ್ನು ಎಲ್ಲಾದರೂ ಓದಿದರೆ ಸ್ವಲ್ಪ ಅನುಮಾನದಿಂದಲೇ ನೋಡಿ.

ಸ್ಟಿಂಗ್ ಎಂಬ ಹೆಸರು ಎಲ್ಲೆಡೆ ಕೇಳುತ್ತದೆ. ಅದೇನು, ಅದು ಹೇಗೆ ಮೌನವಾಗುತ್ತದೆ?

ಡಿಎನ್‌ಎ ಇರಬೇಕಾದ್ದು ಕೋಶಕೇಂದ್ರದಲ್ಲಿ ಮತ್ತು ಮೈಟೊಕಾಂಡ್ರಿಯಾದಲ್ಲಿ. ಅದು ಹೊರಗಿನ ಕೋಶರಸದಲ್ಲಿ ಸಿಕ್ಕರೆ ವೈರಸ್ ನುಗ್ಗಿದೆ, ಇಲ್ಲವೇ ಕೋಶ ಒಳಗೇ ಹರಿದಿದೆ ಎಂದು ಅರ್ಥ. ಸಿಗ್ಯಾಸ್ ಎಂಬ ಕಿಣ್ವ ಅಂಥ ದಾರಿ ತಪ್ಪಿದ ಡಿಎನ್‌ಎಯನ್ನು ಹಿಡಿದು ಸಿಗ್ಯಾಂಪ್ ಎಂಬ ಪುಟ್ಟ ಸಂದೇಶ ಅಣುವನ್ನು ತಯಾರಿಸುತ್ತದೆ. ಅದು ಸ್ಟಿಂಗ್ ಪ್ರೋಟೀನನ್ನು ಮುಟ್ಟುತ್ತದೆ; ಸ್ಟಿಂಗ್ ಟಿಬಿಕೆ1 ಮತ್ತು ಐಆರ್‌ಎಫ್3 ಮೂಲಕ ಮೊದಲ ಬಗೆಯ ಇಂಟರ್ಫೆರಾನ್ ಹೊರಡಿಸುತ್ತದೆ. ಸ್ಟಿಂಗ್ ಗೊತ್ತಾದದ್ದು 2008ರಲ್ಲಿ, ಸಿಗ್ಯಾಸ್ 2013ರ ಹೊತ್ತಿಗೆ.

ಕ್ಯಾನ್ಸರ್ ಕೋಶದ ವರ್ಣತಂತುಗಳು ವಿಭಜನೆಯ ವೇಳೆ ಎಡವಿ, ಕೋಶಕೇಂದ್ರದ ಹೊರಗೆ ಪುಟಾಣಿ ಕೇಂದ್ರಗಳಾಗಿ ಉಳಿದು ಒಡೆಯುತ್ತವೆ. ಅಂದರೆ ಈ ಎಚ್ಚರಿಕೆ ಗಂಟೆ ಗಡ್ಡೆಯೊಳಗೆ ಸದಾ ಬಾರಿಸುತ್ತಿರಬೇಕು. ಬಾರಿಸುವುದಿಲ್ಲ, ಏಕೆಂದರೆ ಅನೇಕ ಗಡ್ಡೆಗಳು ಸಿಗ್ಯಾಸ್ ಅಥವಾ ಸ್ಟಿಂಗ್ ಜೀನ್‌ಗೆ ಮೀಥೈಲ್ ಮುಚ್ಚಳ ಹಾಕಿರುತ್ತವೆ. ದೊಡ್ಡ ಕರುಳಿನ ಕ್ಯಾನ್ಸರ್ ಮತ್ತು ಮೆಲನೋಮಾ ಕೋಶಗಳಲ್ಲಿ ಇದನ್ನು ಚೆನ್ನಾಗಿ ತೋರಿಸಲಾಗಿದೆ.

ಕೆಲವೊಮ್ಮೆ ಬೇರೊಂದು ಜೀನ್‌ನ ನಷ್ಟವೇ ಈ ಮುಚ್ಚಳಕ್ಕೆ ಕಾರಣ. ಎಸ್‌ಟಿಕೆ11 ಒಳ್ಳೆಯ ಉದಾಹರಣೆ. ಇದು ಕೋಶದ ಶಕ್ತಿಯ ಲೆಕ್ಕ ನೋಡಿಕೊಳ್ಳುವ ಎಲ್‌ಕೆಬಿ1 ಪ್ರೋಟೀನ್ ಕೊಡುತ್ತದೆ. ಇದು ಹೋದಾಗ ಮೈಟೊಕಾಂಡ್ರಿಯಾ ಹದಗೆಟ್ಟು ಅದರ ಡಿಎನ್‌ಎ ಹೊರಗೆ ಸೋರುತ್ತದೆ. ಸ್ಟಿಂಗ್ ಎದ್ದಿದ್ದರೆ ಕೋಶಕ್ಕೇ ಅಪಾಯ. ಆದ್ದರಿಂದ ಸ್ಟಿಂಗನ್ನು ಮಲಗಿಸಿದ ಕೋಶಗಳೇ ಉಳಿಯುತ್ತವೆ. ಪರಿಣಾಮ ಚಿಕಿತ್ಸಾಲಯದಲ್ಲಿ ಕಾಣಿಸಿದೆ. ಕೆರಾಸ್ ಎಂಬ ಬೆಳವಣಿಗೆ ಜೀನ್‌ನಲ್ಲಿ ದೋಷವಿರುವ ಶ್ವಾಸಕೋಶದ ಅಡಿನೊಕಾರ್ಸಿನೋಮಾ (ಗ್ರಂಥಿಕೋಶಗಳ ಕ್ಯಾನ್ಸರ್) ರೋಗಿಗಳಿಗೆ ಪಿಡಿ-1 ತಡೆ ಔಷಧ ಕೊಟ್ಟ 2018ರ ಅಧ್ಯಯನವೊಂದರಲ್ಲಿ, ಜೊತೆಗೆ ಟಿಪಿ53 ಎಂಬ ಕಾವಲು ಜೀನ್ ಕೆಟ್ಟವರಲ್ಲಿ 35.7 ಪ್ರತಿಶತ ಸ್ಪಂದನೆ ಇತ್ತು. ಜೊತೆಗೆ ಎಸ್‌ಟಿಕೆ11 ಕೆಟ್ಟವರಲ್ಲಿ ಅದು 7.4 ಪ್ರತಿಶತಕ್ಕೆ ಇಳಿದಿತ್ತು. ಶಕ್ತಿಯ ಲೆಕ್ಕ ಬರೆಯುವ ಜೀನ್ ಒಂದಕ್ಕೂ ರಕ್ಷಣಾ ವ್ಯವಸ್ಥೆಗೂ ಇಂಥ ನಂಟಿದೆ ಎಂದು ಮೊದಲು ಯಾರೂ ಊಹಿಸಿರಲಿಲ್ಲ ಅನಿಸುತ್ತದೆ.

9ಪಿ21 ಡಿಲೀಷನ್ ಅಂತ ಬಂದಿದೆ. ಅದರಲ್ಲಿ ಯಾವ ಜೀನ್ ಹೋಗಿದೆ?

ಒಂದಲ್ಲ, ಹಲವು. 9ನೇ ವರ್ಣತಂತುವಿನ ಗಿಡ್ಡ ಬಾಹುವಿನ ಈ ಜಾಗದಲ್ಲಿ ಸಿಡಿಕೆಎನ್2ಎ ಎಂಬ ಕಾವಲು ಜೀನ್ ಇದೆ. ಗಡ್ಡೆಗೆ ಬೇಕಾದದ್ದು ಅದರ ನಾಶ, ಅದು ಹೋದರೆ ಕೋಶವಿಭಜನೆಗೆ ತಡೆ ಇಲ್ಲ. ಆದರೆ ಕತ್ತರಿ ಆಡುವಾಗ ಒಂದೇ ಜೀನ್‌ಗೆ ಅಳತೆ ಹಿಡಿದು ಕತ್ತರಿಸುವುದಿಲ್ಲ. ಪಕ್ಕದ ಎಂಟ್ಯಾಪ್ ಹೋಗುತ್ತದೆ. ತುಂಡು ಇನ್ನೂ ದೊಡ್ಡದಾದರೆ ಅಲ್ಲೇ ಸಾಲಾಗಿ ಕೂತಿರುವ ಮೊದಲ ಬಗೆಯ ಇಂಟರ್ಫೆರಾನ್ ಜೀನ್‌ಗಳ ಗೊಂಚಲೂ ಹೋಗುತ್ತದೆ.

ಬಹುಕಾಲ ಈ ಇಂಟರ್ಫೆರಾನ್‌ಗಳನ್ನು ಜೊತೆಗೆ ಸಿಕ್ಕಿಬಿದ್ದ ಪ್ರಯಾಣಿಕರೆಂದೇ ಎಣಿಸಿದ್ದರು. 2022ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗ ಬೇರೆಯದನ್ನೇ ಹೇಳಿತು. ಮೇದೋಜೀರಕ ಗ್ರಂಥಿಯ ಗಡ್ಡೆ ಕೋಶಗಳಲ್ಲಿ ಸಣ್ಣ ತುಂಡು ತೆಗೆದದ್ದಕ್ಕಿಂತ ಇಂಟರ್ಫೆರಾನ್ ಗೊಂಚಲನ್ನೂ ಸೇರಿಸಿ ದೊಡ್ಡ ತುಂಡು ತೆಗೆದಾಗ ಗಡ್ಡೆ ರಕ್ಷಣಾ ಕೋಶಗಳಿಂದ ಹೆಚ್ಚು ತಪ್ಪಿಸಿಕೊಂಡಿತು, ಹೆಚ್ಚು ಹರಡಿತು. ವರದಿಯಲ್ಲಿ ಬರೀ 'ಸಿಡಿಕೆಎನ್2ಎ ನಷ್ಟ' ಎಂದಿದ್ದರೆ ತುಂಡಿನ ಗಾತ್ರ ಎಷ್ಟು ಎಂಬ ಪ್ರಶ್ನೆ ಹಾಗೇ ಉಳಿದಿರುತ್ತದೆ.

ಪಿಟೆನ್ ರೋಗನಿರೋಧಕ ಜೀನ್ ಅಲ್ಲವಲ್ಲ, ಅದರ ಪಾತ್ರವೇನು?

ನಿಜ, 1997ರಲ್ಲಿ 10ನೇ ವರ್ಣತಂತುವಿನಲ್ಲಿ ಪತ್ತೆಯಾದಾಗ ಅದನ್ನು ಬೆಳವಣಿಗೆಗೆ ಲಗಾಮು ಹಾಕುವ ಜೀನ್ ಎಂದೇ ಗುರುತಿಸಿದ್ದು. ಪಿಟೆನ್ ಹೋದರೆ ಪಿಐ3ಕೆ-ಎಕೆಟಿ ಎಂಬ ಬೆಳವಣಿಗೆ ದಾರಿ ತಡೆಯಿಲ್ಲದೆ ಓಡುತ್ತದೆ. ಅದರ ಜೊತೆಗೇ ಗಡ್ಡೆ ರಕ್ತನಾಳ ಬೆಳೆಸುವ ವಿಇಜಿಎಫ್‌ನಂಥ ವಸ್ತುಗಳನ್ನು ಹೆಚ್ಚು ಸುರಿಸಿ ಟಿ ಕೋಶಗಳು ಒಳಗೆ ಬಾರದಂತೆ ಸುತ್ತಲಿನ ವಾತಾವರಣವನ್ನೇ ಬದಲಿಸುತ್ತದೆ. ಮೆಲನೋಮಾದಲ್ಲಿ ಪಿಟೆನ್ ನಷ್ಟಕ್ಕೂ ಪಿಡಿ-1 ಔಷಧ ಅಷ್ಟಾಗಿ ಫಲಿಸದಿರುವುದಕ್ಕೂ ಸಂಬಂಧವಿದೆ ಎಂದು 2016ರಲ್ಲಿ ತೋರಿಸಿದರು. ಪ್ರದರ್ಶನ ಸರಿಯಿದೆ, ಕಿವಿಯೂ ಸರಿಯಿದೆ. ನೋಡಲು ಬರುವವರೇ ಇಲ್ಲ.

ಟಿಪಿ53 ಬಗ್ಗೆ ಏನೂ ಹೇಳಲಿಲ್ಲ?

ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಕೆಡುವ ಜೀನ್ ಇದು. ರಕ್ಷಣಾ ಸಂಕೇತಗಳ ಮೇಲೆ ಇದರ ಪ್ರಭಾವ ಹರಡಿಕೊಂಡಿದೆ, ಒಂದೇ ದಾರಿಗೆ ಕಟ್ಟಿಹಾಕಲು ಬರುವುದಿಲ್ಲ. ಮೇಲಿನ ಶ್ವಾಸಕೋಶದ ಅಂಕಿಗಳನ್ನೇ ನೋಡಿ, ಟಿಪಿ53 ಕೆಟ್ಟವರೇ ಔಷಧಕ್ಕೆ ಹೆಚ್ಚು ಸ್ಪಂದಿಸಿದ್ದರು. ಇನ್ನೊಂದು ಕಡೆ, 2007ರ ಪ್ರಯೋಗವೊಂದರಲ್ಲಿ ಇಲಿಯ ಯಕೃತ್ತಿನ ಗಡ್ಡೆಗಳಲ್ಲಿ ಮಲಗಿಸಿದ್ದ ಪಿ53ನ್ನು (ಟಿಪಿ53 ಜೀನ್ ಕೊಡುವ ಪ್ರೋಟೀನ್) ಮತ್ತೆ ಎಬ್ಬಿಸಿದಾಗ ಕೋಶಗಳು ಸಾಯಲಿಲ್ಲ, ಮುಪ್ಪಾದವು. ಮುಪ್ಪಾದ ಕೋಶಗಳು ಉರಿಯೂತದ ಸಂದೇಶಗಳನ್ನು ಹೊರಡಿಸಿದವು, ರಕ್ಷಣಾ ಕೋಶಗಳು ಬಂದು ಗಡ್ಡೆಯನ್ನು ಗುಡಿಸಿಹಾಕಿದವು. ಪಿ53 ಕಳೆದುಕೊಂಡಾಗ ಗಡ್ಡೆ ಇಂಥ ಸಂದೇಶಗಳನ್ನೂ ಕಳೆದುಕೊಂಡಿರುತ್ತದೆ ಎಂಬುದು ಅದರಿಂದ ಗೊತ್ತಾಯಿತು.

ಜೀನ್ ಕಳೆದುಕೊಂಡರೆ ರೋಗಿಗೆ ಲಾಭವಾಗುವ ಸಂದರ್ಭ ನಿಜಕ್ಕೂ ಇದೆಯೇ?

ಇದೆ, ಅದೂ ಚಿಕಿತ್ಸೆಯ ಇತಿಹಾಸವನ್ನೇ ತಿರುಗಿಸಿದ ಸಂದರ್ಭ. ಡಿಎನ್‌ಎ ನಕಲಾಗುವಾಗ ಆಗುವ ಅಕ್ಷರದೋಷಗಳನ್ನು ತಿದ್ದುವ ಎಂಎಲ್‌ಎಚ್1, ಎಂಎಸ್‌ಎಚ್2 ಗುಂಪಿನ ಜೀನ್‌ಗಳು ಹೋದರೆ ಗಡ್ಡೆಯಲ್ಲಿ ತಪ್ಪುಗಳು ರಾಶಿ ಬೀಳುತ್ತವೆ. ಪ್ರತಿ ತಪ್ಪೂ ಒಂದು ಹೊಸ, ಅಪರಿಚಿತ ಪ್ರೋಟೀನ್ ತುಣುಕಾಗಬಹುದು. ಟಿ ಕೋಶಗಳಿಗೆ ಗುರುತು ಹಿಡಿಯಲು ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ.

2015ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗದಲ್ಲಿ ಪೆಂಬ್ರೊಲಿಜುಮಾಬ್ ಪಡೆದ ದೊಡ್ಡ ಕರುಳಿನ ಕ್ಯಾನ್ಸರ್ ರೋಗಿಗಳ ಪೈಕಿ, ತಿದ್ದುವ ಜೀನ್ ಕೆಟ್ಟ 10 ಜನರಲ್ಲಿ 4 ಮಂದಿಗೆ ಗಡ್ಡೆ ಕುಗ್ಗಿತು. ಆ ಜೀನ್ ಸರಿಯಿದ್ದ 18 ಜನರಲ್ಲಿ ಒಬ್ಬರಿಗೂ ಕುಗ್ಗಲಿಲ್ಲ. ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2017ರ ಮೇ ತಿಂಗಳಲ್ಲಿ, ಗಡ್ಡೆ ಯಾವ ಅಂಗದ್ದೇ ಆಗಿರಲಿ ಈ ದೋಷವಿದ್ದರೆ ಪೆಂಬ್ರೊಲಿಜುಮಾಬ್ ಕೊಡಬಹುದು ಎಂದು ಒಪ್ಪಿತು. ಅಂಗ ನೋಡದೆ ಜೀನ್ ಗುರುತು ನೋಡಿ ಅದು ಕೊಟ್ಟ ಮೊದಲ ಒಪ್ಪಿಗೆ ಅದು. 2022ರಲ್ಲಿ ಡೊಸ್ಟಾರ್ಲಿಮಾಬ್ ಎಂಬ ಇನ್ನೊಂದು ಪಿಡಿ-1 ತಡೆ ಔಷಧ ಪಡೆದ ಗುದನಾಳದ ಕ್ಯಾನ್ಸರ್‌ನ ಮೊದಲ 12 ರೋಗಿಗಳಲ್ಲಿ 12 ಮಂದಿಗೂ ಪರೀಕ್ಷೆಯಲ್ಲಿ ಗಡ್ಡೆ ಕಾಣದಂತಾಯಿತು. ಎಲ್ಲರಿಗೂ ಇದೇ ದೋಷವಿತ್ತು.

ಸದ್ದು ಮಾಡುವ ಇನ್ನೂ ಎರಡು ನಷ್ಟಗಳು ಪ್ರಯೋಗಾಲಯದಿಂದ ಬಂದಿವೆ. ಎಡಾರ್1 ಎಂಬುದು ಕೋಶದ ಸ್ವಂತ ಜೋಡಿ ಎಳೆ ಆರ್‌ಎನ್‌ಎಗೆ ತಿದ್ದುಪಡಿ ಮಾಡಿ, ಅದು ವೈರಸ್ಸಿನದ್ದೆಂದು ತಪ್ಪು ತಿಳಿಯದಂತೆ ನೋಡಿಕೊಳ್ಳುತ್ತದೆ. ಇಲಿಗಳ ಗಡ್ಡೆಯಿಂದ ಅದನ್ನು ತೆಗೆದಾಗ ಎಂಡಿಎ5, ಪಿಕೆಆರ್ ಎಂಬ ಸಂವೇದಕಗಳು ಸುಳ್ಳು ಎಚ್ಚರಿಕೆ ಎಬ್ಬಿಸಿದವು, ಔಷಧಕ್ಕೆ ಬಗ್ಗದ ಗಡ್ಡೆ ಬಗ್ಗಿತು. ಪಿಟಿಪಿಎನ್2 ಮಾತ್ರ ಜಾಕ್-ಸ್ಟಾಟ್ ಸಂದೇಶಕ್ಕೆ ಬ್ರೇಕ್ ಹಾಕುವ ಕಿಣ್ವ. ಅದು ಹೋದರೆ ಇಂಟರ್ಫೆರಾನ್ ಮಾತು ಇಮ್ಮಡಿಯಾಗಿ ಕೇಳುತ್ತದೆ.

ತಿದ್ದುವ ಜೀನ್ ಕೆಟ್ಟ ಗಡ್ಡೆಯಲ್ಲಿ ಬಿ2ಎಂ ಕೂಡ ಹೋಗಿದ್ದರೆ?

ಇದು ಅಪರೂಪವೇನಲ್ಲ. ಬಿ2ಎಂ, ಜಾಕ್1 ಜೀನ್‌ಗಳೊಳಗೇ ಒಂದೇ ಅಕ್ಷರ ಪದೇ ಪದೇ ಬರುವ ತಾಣಗಳಿವೆ. ತಿದ್ದುವವರಿಲ್ಲದಾಗ ತಪ್ಪು ಬೀಳುವುದು ಅಂಥಲ್ಲೇ. ಲೆಕ್ಕದ ಪ್ರಕಾರ ಇಂಥ ಗಡ್ಡೆಗಳು ಔಷಧಕ್ಕೆ ಬಗ್ಗಬಾರದು. ಆದರೆ ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಹಲವು ಬಗ್ಗುತ್ತವೆ. 2023ರಲ್ಲಿ ಸಿಕ್ಕ ಒಂದು ವಿವರಣೆ: ಎಂಎಚ್‌ಸಿ ಪ್ರದರ್ಶನವನ್ನು ಅವಲಂಬಿಸದ ಗಾಮಾ-ಡೆಲ್ಟಾ ಟಿ ಕೋಶಗಳು ಅಲ್ಲಿ ಕೆಲಸಕ್ಕೆ ಇಳಿಯುತ್ತವೆ. ಬಿ2ಎಂ ನಷ್ಟವನ್ನು 'ಇಮ್ಯುನೊಥೆರಪಿ ಬೇಡ' ಎಂಬ ತೀರ್ಪಿನಂತೆ ಓದಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಯಾವ ಜೀನ್ ಹೋದರೆ ಏನಾಗುತ್ತದೆ ಎಂದು ಹೇಗೆ ಪತ್ತೆಮಾಡುತ್ತಾರೆ?

ಕ್ರಿಸ್ಪರ್ ಕತ್ತರಿಯಿಂದ. ಸಾವಿರಾರು ಕ್ಯಾನ್ಸರ್ ಕೋಶಗಳಲ್ಲಿ ಪ್ರತಿಯೊಂದರಲ್ಲೂ ಬೇರೆ ಬೇರೆ ಜೀನ್ ಕತ್ತರಿಸಿ, ಟಿ ಕೋಶಗಳ ಎದುರಿಗೋ ಇಲಿಯ ಮೈಯೊಳಗೋ ಬಿಡುತ್ತಾರೆ. ಕೊನೆಗೆ ಉಳಿದವರ ಹಾಜರಿ ತೆಗೆದುಕೊಳ್ಳುತ್ತಾರೆ. ಬಿ2ಎಂ, ಜಾಕ್1 ಕಳೆದುಕೊಂಡವು ಹೆಚ್ಚಿರುತ್ತವೆ. ಪಿಟಿಪಿಎನ್2 ಕಳೆದುಕೊಂಡವು ಕಾಣೆಯಾಗಿರುತ್ತವೆ. 2017ರಿಂದ ಇಂಥ ಪಟ್ಟಿಗಳು ಧಾರಾಳವಾಗಿ ಬರುತ್ತಿವೆ. ಒಂದು ಎಚ್ಚರ: ಇಲಿಯ ಪಟ್ಟಿಯಲ್ಲಿ ಮೇಲಿರುವ ಹೆಸರೆಲ್ಲ ಮನುಷ್ಯರಲ್ಲೂ ಹಾಗೇ ನಡೆದುಕೊಳ್ಳುವುದಿಲ್ಲ. ಪಿಬಿಆರ್‌ಎಂ1 ಇದಕ್ಕೆ ಉದಾಹರಣೆ. ಅದು ಹೋದರೆ ಟಿ ಕೋಶದ ಏಟು ಹೆಚ್ಚು ತಾಗುತ್ತದೆ ಎಂದು ಇಲಿಗಳಲ್ಲಿ, ಮೂತ್ರಪಿಂಡದ ಕ್ಯಾನ್ಸರ್ ರೋಗಿಗಳಲ್ಲಿ ಔಷಧ ಫಲಿಸುತ್ತದೆ ಎಂದು 2018ರಲ್ಲಿ ವರದಿಗಳು ಬಂದವು. ನಂತರದ ಅಧ್ಯಯನಗಳು ಒಂದೇ ದಿಕ್ಕು ತೋರಿಸಿಲ್ಲ.

ಎಂಎಚ್‌ಸಿ ಹೋದರೆ ಕಾರ್-ಟಿ ಚಿಕಿತ್ಸೆ ಉಪಾಯವೇ?

ತಾತ್ವಿಕವಾಗಿ ಹೌದು. ಕಾರ್-ಟಿ ಕೋಶಕ್ಕೆ, ಅಂದರೆ ಗೊತ್ತಾದ ಗುರಿ ಹಿಡಿಯುವಂತೆ ಪ್ರಯೋಗಾಲಯದಲ್ಲಿ ಮಾರ್ಪಡಿಸಿದ ಟಿ ಕೋಶಕ್ಕೆ, ಎಂಎಚ್‌ಸಿ ಬೇಕಿಲ್ಲ, ಅದು ಹೊರಮೈಯ ಪ್ರೋಟೀನನ್ನೇ ನೇರ ಹಿಡಿಯುತ್ತದೆ. ಆಗ ಗಡ್ಡೆ ಆ ಪ್ರೋಟೀನನ್ನೇ ಕಳೆದುಕೊಳ್ಳುತ್ತದೆ. ರಕ್ತದ ಕ್ಯಾನ್ಸರ್‌ನಲ್ಲಿ ಸಿಡಿ19 ಎಂಬ ಗುರಿ ಪ್ರೋಟೀನ್ ಮಾಯವಾಗಿ ರೋಗ ಮರಳುವುದು ಚೆನ್ನಾಗಿ ಗೊತ್ತಿರುವ ಸಂಗತಿ. ಘನ ಗಡ್ಡೆಗಳಲ್ಲಿ ಇನ್ನೊಂದು ತೊಡಕಿದೆ. ಐಎಫ್‌ಎನ್‌ಜಿಆರ್1 ಇಲ್ಲದ ಕೋಶಗಳಿಗೆ ಕಾರ್-ಟಿ ಕೋಶ ಗಟ್ಟಿಯಾಗಿ ಅಂಟಿಕೊಳ್ಳುವುದೇ ಇಲ್ಲ ಎಂದು 2022ರಲ್ಲಿ ಕಂಡುಬಂತು. ಕಿವುಡುತನ ಇಲ್ಲೂ ಕಾಡುತ್ತದೆ.

ಹೋದ ಜೀನನ್ನು ಮರಳಿ ತರಬಹುದೇ?

ಸ್ಪೇನಿನ ಫೆಡೆರಿಕೊ ಗಾರಿಡೊ ಎಂಎಚ್‌ಸಿ ನಷ್ಟಗಳನ್ನು 'ಗಟ್ಟಿ' ಮತ್ತು 'ಮೆದು' ಎಂದು ಎರಡಾಗಿ ವಿಂಗಡಿಸಿದರು. ಡಿಎನ್‌ಎಯೇ ಹೋಗಿದ್ದರೆ ಗಟ್ಟಿ, ಇಂಟರ್ಫೆರಾನ್ ಸುರಿದರೂ ಎಂಎಚ್‌ಸಿ ಮರಳುವುದಿಲ್ಲ. ಮಲಗಿದ್ದರೆ ಮೆದು, ಎಬ್ಬಿಸಬಹುದು. ಕೆಲವು ಗಡ್ಡೆಗಳಲ್ಲಿ ಇಜೆಡ್‌ಎಚ್2 ಕಿಣ್ವ ಪ್ರದರ್ಶನ ಜೀನ್‌ಗಳನ್ನು ಅದುಮಿಟ್ಟಿರುತ್ತದೆ. ಆ ಕಿಣ್ವವನ್ನು ತಡೆದರೆ ಎಂಎಚ್‌ಸಿ ಮತ್ತೆ ಹೊರಮೈಗೆ ಬರುವುದನ್ನು ಪ್ರಯೋಗಾಲಯದಲ್ಲಿ ನೋಡಿದ್ದಾರೆ.

ಗಟ್ಟಿ ನಷ್ಟಕ್ಕೆ ಬೇರೆ ಜಾಣತನ ಬೇಕು. 9ಪಿ21 ತುಂಡಿನೊಂದಿಗೆ ಎಂಟ್ಯಾಪ್ ಹೋದ ಕೋಶದಲ್ಲಿ ಎಂಟಿಎ ಎಂಬ ವಸ್ತು ಶೇಖರವಾಗಿ ಪಿಆರ್‌ಎಂಟಿ5 ಕಿಣ್ವವನ್ನು ಅರೆಬರೆ ನಿಲ್ಲಿಸಿರುತ್ತದೆ. ಆ ಕಿಣ್ವಕ್ಕೆ ಇನ್ನೊಂದಿಷ್ಟು ಅಡ್ಡಿ ಮಾಡಿದರೆ ಎಂಟ್ಯಾಪ್ ಇಲ್ಲದ ಕೋಶ ಕುಸಿಯುತ್ತದೆ, ಮಾಮೂಲಿ ಕೋಶ ತಾಳಿಕೊಳ್ಳುತ್ತದೆ. ಇಂಥ ಔಷಧಗಳು ಈಗ ರೋಗಿಗಳ ಮೇಲೆ ಪರೀಕ್ಷೆಯಲ್ಲಿವೆ. ಹೋದದ್ದನ್ನು ತರುವ ಬದಲು, ಹೋದ ಜಾಗದ ದೌರ್ಬಲ್ಯವನ್ನೇ ಬಳಸಿಕೊಳ್ಳುವ ದಾರಿ ಇದು.

ವರದಿ ಕೈಯಲ್ಲಿದೆ. ವೈದ್ಯರನ್ನು ಏನು ಕೇಳಬೇಕು?

ಒಂದು ಪ್ರತಿ ಹೋಗಿದೆಯೋ ಎರಡೂ ಹೋಗಿವೆಯೋ ಎಂದು ಮೊದಲು ಕೇಳಿ. ಒಂದೇ ಪ್ರತಿ ಹೋಗಿದ್ದರೆ ಮೇಲೆ ಹೇಳಿದ್ದರಲ್ಲಿ ಬಹಳಷ್ಟು ನಿಮಗೆ ಅನ್ವಯಿಸದೇ ಇರಬಹುದು. ಪ್ರೋಟೀನ್ ನಿಜಕ್ಕೂ ಇಲ್ಲವೇ ಎಂದು ಅಂಗಾಂಶದ ಮೇಲೆ ಬಣ್ಣ ಹಾಕಿ ನೋಡುವ ಐಎಚ್‌ಸಿ ಪರೀಕ್ಷೆ ಆಗಿದೆಯೇ ಎಂಬುದು ಎರಡನೆಯದು. ತಿದ್ದುವ ಜೀನ್‌ಗಳಿಗೆ ಇದು ವಾಡಿಕೆಯ ಪರೀಕ್ಷೆ. ಗಡ್ಡೆಯ ಎಲ್ಲ ಕೋಶಗಳಲ್ಲೂ ಇದೆಯೋ ಒಂದು ಭಾಗದಲ್ಲಷ್ಟೇ ಇದೆಯೋ ಎಂದೂ ಕೇಳಬಹುದು, ಆದರೆ ಒಂದೇ ಬಯಾಪ್ಸಿಯಿಂದ ಅದಕ್ಕೆ ಸ್ಪಷ್ಟ ಉತ್ತರ ಸಿಗುವುದು ಕಷ್ಟ. ಮಾದರಿಯಲ್ಲಿ ಗಡ್ಡೆಯ ಕೋಶಗಳ ಪಾಲು ಕಡಿಮೆಯಿದ್ದರೆ ಆರೋಗ್ಯಕರ ಕೋಶಗಳ ಡಿಎನ್‌ಎ ಬೆರೆತು ನಷ್ಟವೇ ಕಣ್ತಪ್ಪಬಹುದು.

ಎರಡು ವರ್ಷದ ಹಿಂದಿನ ಬಯಾಪ್ಸಿ ವರದಿ ಸಾಕಾಗುತ್ತದೆಯೇ?

ತಿದ್ದುವ ಜೀನ್‌ಗಳಂಥ, ಗಡ್ಡೆಯ ಆರಂಭದಲ್ಲೇ ಆಗುವ ನಷ್ಟಗಳಿಗೆ ಬಹುತೇಕ ಸಾಕು. ಬಿ2ಎಂ, ಜಾಕ್, ಎಚ್‌ಎಲ್‌ಎ ನಷ್ಟಗಳು ಮಾತ್ರ ಹೆಚ್ಚಾಗಿ ನಂತರ, ಟಿ ಕೋಶಗಳ ಒತ್ತಡದಲ್ಲಿ ಬರುವಂಥವು. ಇಮ್ಯುನೊಥೆರಪಿ ಆದ ಮೇಲೆ ಗಡ್ಡೆ ಮರಳಿದ್ದರೆ ಹಳೆಯ ವರದಿಯಲ್ಲಿ ಅವು ಇರುವುದಿಲ್ಲ. ಆ ನಾಲ್ವರು ಮೆಲನೋಮಾ ರೋಗಿಗಳ ಮೊದಲ ಬಯಾಪ್ಸಿಯನ್ನಷ್ಟೇ ನೋಡಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.